ಹಳೆಯ ಕಂಪ್ಯೂಟರ್‌ಗೆ ಎರಡು ಕೇಬಲ್ ಸಿಕ್ಕಿಸಿದರೆ ಅದು ರೂಟರ್ ಆಗುತ್ತದೆಯೇ?

"ಮೂಲೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರನ್ನು ಎಸೆಯಬೇಡಿ. ಎರಡು ಲ್ಯಾನ್ ಕೇಬಲ್ ಹಾಕಿದರೆ ಸಾಕು, ಎರಡು ನೆಟ್‌ವರ್ಕ್ ಒಂದಾಗುತ್ತವೆ, ಸ್ಪೀಡೂ ಹೆಚ್ಚುತ್ತದೆ." ಇಂತಹ ಸಲಹೆಯನ್ನು ನೀವೂ ಎಲ್ಲಾದರೂ ಕೇಳಿರಬಹುದು. ಇದರಲ್ಲಿ ಸ್ವಲ್ಪ ನಿಜ ಇದೆ, ಉಳಿದದ್ದು ತಪ್ಪು.

ಹಳೆಯ ಕಂಪ್ಯೂಟರ್ ರೂಟರ್ ಆಗಬಲ್ಲದು ಎಂಬುದು ನಿಜ. ಕೇಬಲ್ ಹಾಕಿದ ಮಾತ್ರಕ್ಕೆ ಆಗುತ್ತದೆ ಎಂಬುದು ತಪ್ಪು. ಸ್ಪೀಡ್ ಹೆಚ್ಚುತ್ತದೆ ಎಂಬುದಂತೂ ಪೂರಾ ತಪ್ಪು. ಇದಕ್ಕಿಂತ ಮುಖ್ಯವಾದ ಒಂದು ವಿಷಯವನ್ನು ಇಂತಹ ಸಲಹೆಗಳು ಹೇಳುವುದೇ ಇಲ್ಲ. ಎರಡು ನೆಟ್‌ವರ್ಕ್‌ಗಳ ನಡುವೆ ದಾರಿ ಮಾಡುವುದೆಂದರೆ ಎರಡು ಮನೆಗಳ ನಡುವಿನ ಗೋಡೆ ಒಡೆದು ಬಾಗಿಲು ಇಟ್ಟಂತೆ. ಬಾಗಿಲಿಗೆ ಚಿಲಕ ಹಾಕುವುದು ಬೇರೆಯೇ ಕೆಲಸ. ಅದನ್ನು ಮರೆತರೆ ಮೊದಲಿದ್ದ ರಕ್ಷಣೆಯೂ ಹೋಗುತ್ತದೆ.

ಒಂದು ಶಾಲೆಯ ಉದಾಹರಣೆ ಇಟ್ಟುಕೊಂಡು ನೋಡೋಣ. ಶಾಲೆಯ ಕಚೇರಿಯಲ್ಲಿ ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್ ಮತ್ತು ಇಂಟರ್ನೆಟ್ ಇದೆ. ಅಂಕಪಟ್ಟಿ, ಶುಲ್ಕದ ಲೆಕ್ಕ, ಸಂಬಳದ ಕಡತ ಎಲ್ಲವೂ ಅಲ್ಲಿವೆ. ಪಕ್ಕದ ಕೋಣೆಯಲ್ಲಿ ಮಕ್ಕಳ ಕಂಪ್ಯೂಟರ್ ಲ್ಯಾಬ್ ಇದೆ. ಅದರ ನೆಟ್‌ವರ್ಕ್ ಬೇರೆ. ಈಗ ಲ್ಯಾಬ್‌ನಿಂದಲೂ ಕಚೇರಿಯ ಪ್ರಿಂಟರ್‌ಗೆ ಪ್ರಿಂಟ್ ಕೊಡಬೇಕು, ಲ್ಯಾಬ್‌ಗೂ ಇಂಟರ್ನೆಟ್ ಸಿಗಬೇಕು. ಆದರೆ ಮಕ್ಕಳ ಕಂಪ್ಯೂಟರ್‌ಗೆ ಅಂಕಪಟ್ಟಿ ಸಿಗಬಾರದು. ಮಾಡುವುದು ಹೇಗೆ?

ರೂಟರ್ ಎಂದರೆ ಆಂಟೆನಾ ಇರುವ ಪೆಟ್ಟಿಗೆ ಮಾತ್ರವೇ?

ಅಲ್ಲ. ರೂಟರ್ ಎನ್ನುವುದು ಒಂದು ಕೆಲಸದ ಹೆಸರು. ಒಂದು ನೆಟ್‌ವರ್ಕ್‌ನಿಂದ ಬಂದ ಮಾಹಿತಿಯ ಪೊಟ್ಟಣವನ್ನು, ಅಂದರೆ ಪ್ಯಾಕೆಟ್ಟನ್ನು, ಅದರ ಮೇಲಿನ ವಿಳಾಸ ನೋಡಿ ಇನ್ನೊಂದು ನೆಟ್‌ವರ್ಕ್‌ಗೆ ದಾಟಿಸುವ ಕೆಲಸ. ಅದನ್ನು ಯಾವ ಯಂತ್ರ ಮಾಡಿದರೂ ಅದು ರೂಟರ್.

ಇತಿಹಾಸ ನೋಡಿದರೂ ರೂಟರ್‌ಗಳು ಕಂಪ್ಯೂಟರ್‌ಗಳೇ. 1969ರಲ್ಲಿ ಅಮೆರಿಕದಲ್ಲಿ ಅರ್ಪಾನೆಟ್ ಶುರುವಾದಾಗ ಪ್ಯಾಕೆಟ್‌ಗಳನ್ನು ಸಾಗಿಸಿದ್ದು ಐಎಂಪಿ ಎಂಬ ಯಂತ್ರಗಳು. ಅವು ಹನಿವೆಲ್ ಕಂಪನಿಯ ಡಿಡಿಪಿ-516 ಎಂಬ ಮಿನಿಕಂಪ್ಯೂಟರ್‌ಗಳು, ಗಾತ್ರದಲ್ಲಿ ಒಂದೊಂದೂ ಫ್ರಿಜ್‌ನಷ್ಟು. ಬೇರೆ ಬೇರೆ ಬಗೆಯ ನೆಟ್‌ವರ್ಕ್‌ಗಳನ್ನು ಜೋಡಿಸುವ ವಿಧಾನವನ್ನು ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದರು. 1977ರ ನವೆಂಬರ್ 22ರಂದು ರೇಡಿಯೊ, ಉಪಗ್ರಹ ಮತ್ತು ಅರ್ಪಾನೆಟ್ ಎಂಬ ಮೂರು ನೆಟ್‌ವರ್ಕ್‌ಗಳನ್ನು ಹಾಯ್ದು ಮಾಹಿತಿ ಕಳುಹಿಸಿ ತೋರಿಸಲಾಯಿತು. ಆಗಲೂ ನಡುವೆ ನಿಂತು ದಾಟಿಸಿದ್ದು ಕಂಪ್ಯೂಟರ್‌ಗಳೇ.

ಅಷ್ಟು ಹಿಂದೆ ಹೋಗುವುದೂ ಬೇಡ. ನಿಮ್ಮ ಮೊಬೈಲ್‌ನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿದಾಗ ನಿಮ್ಮ ಫೋನೇ ರೂಟರ್ ಆಗುತ್ತದೆ. ಒಂದು ಕಡೆ ಮೊಬೈಲ್ ಕಂಪನಿಯ ನೆಟ್‌ವರ್ಕ್, ಇನ್ನೊಂದು ಕಡೆ ನೀವು ಸೃಷ್ಟಿಸಿದ ಪುಟ್ಟ ವೈ-ಫೈ ನೆಟ್‌ವರ್ಕ್. ನಡುವೆ ಫೋನ್. ಹಳೆಯ ಕಂಪ್ಯೂಟರ್ ಮಾಡಬೇಕಾದದ್ದೂ ಇದನ್ನೇ. ವ್ಯತ್ಯಾಸವೆಂದರೆ, ಹಾಟ್‌ಸ್ಪಾಟ್ ಗುಂಡಿ ಒತ್ತಿದಾಗ ಫೋನ್ ತಾನೇ ಮಾಡಿಕೊಳ್ಳುವ ಕೆಲಸಗಳನ್ನು ಇಲ್ಲಿ ನಾವು ಒಂದೊಂದಾಗಿ ಮಾಡಬೇಕು.

ನೆಟ್‌ವರ್ಕ್ ಬೇರೆ ಎಂದು ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತದೆ?

ವಿಳಾಸದಿಂದ. ಕಚೇರಿಯ ಕಂಪ್ಯೂಟರ್‌ಗಳ ಐಪಿ ವಿಳಾಸ 192.168.1.10, 192.168.1.11 ಹೀಗಿದೆ ಎನ್ನಿ. ಲ್ಯಾಬ್‌ನವು 192.168.2.10, 192.168.2.11 ಹೀಗೆ. ಇದರ ಜೊತೆ 255.255.255.0 ಎಂಬ ಸಂಖ್ಯೆಯನ್ನೂ ನೀವು ಸೆಟ್ಟಿಂಗ್ಸ್‌ನಲ್ಲಿ ನೋಡಿರಬಹುದು. ಅದರ ಹೆಸರು ಸಬ್‌ನೆಟ್ ಮಾಸ್ಕ್. ವಿಳಾಸದ ಮೊದಲ ಮೂರು ಸಂಖ್ಯೆಗಳು ಬೀದಿಯ ಹೆಸರು, ಕೊನೆಯದು ಮನೆ ನಂಬರ್ ಎಂದು ಅದು ಹೇಳುತ್ತದೆ.

ಕಂಪ್ಯೂಟರ್ ಏನನ್ನಾದರೂ ಕಳುಹಿಸುವಾಗ ಮೊದಲು ಬೀದಿ ನೋಡುತ್ತದೆ. ತನ್ನದೇ ಬೀದಿಯಾದರೆ ನೇರವಾಗಿ ಕೊಡುತ್ತದೆ. ಬೇರೆ ಬೀದಿಯಾದರೆ "ಇದು ನನಗೆ ತಿಳಿಯದು" ಎಂದು ಗೇಟ್‌ವೇಗೆ ಒಪ್ಪಿಸುತ್ತದೆ. ಗೇಟ್‌ವೇ ಎಂದರೆ ಆ ಬೀದಿಯಿಂದ ಹೊರಗೆ ಹೋಗುವ ಬಾಗಿಲಲ್ಲಿ ನಿಂತಿರುವ ರೂಟರ್.

192.168 ಎಂದು ಶುರುವಾಗುವ ವಿಳಾಸಗಳನ್ನು ಒಳಬಳಕೆಗೆಂದೇ ಮೀಸಲಿಡಲಾಗಿದೆ. 10 ಎಂದು ಶುರುವಾಗುವವು ಮತ್ತು 172.16ರಿಂದ 172.31ರವರೆಗಿನವೂ ಹಾಗೆಯೇ. 1996ರಿಂದ ಇರುವ ಏರ್ಪಾಡು ಇದು. ಆದ್ದರಿಂದ ನಿಮ್ಮ ಮನೆಯ 192.168.1.10 ಮತ್ತು ಪಕ್ಕದ ಊರಿನ ಯಾರದೋ ಮನೆಯ 192.168.1.10 ಎರಡೂ ಇರಬಹುದು, ತೊಂದರೆಯಿಲ್ಲ. "ನಿಮ್ಮ ಐಪಿ 192.168.1.10 ಎಂದು ಗೊತ್ತಾಗಿದೆ, ನಿಮ್ಮನ್ನು ಹ್ಯಾಕ್ ಮಾಡಲಾಗಿದೆ" ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಅದು ಎಷ್ಟೋ ಮನೆಗಳಲ್ಲಿರುವ ಸಾಮಾನ್ಯ ವಿಳಾಸ.

ಮೊದಲ ಕೆಲಸ: ಎರಡು ಕಾರ್ಡ್, ಎರಡು ವಿಳಾಸ

ಹಳೆಯ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಒಂದೇ ಲ್ಯಾನ್ ಪೋರ್ಟ್ ಇರುತ್ತದೆ. ಇನ್ನೊಂದು ಲ್ಯಾನ್ ಕಾರ್ಡ್ ಹಾಕಬೇಕು. ಒಂದು ಕಾರ್ಡ್ ಕಚೇರಿಯ ಸ್ವಿಚ್‌ಗೆ, ಇನ್ನೊಂದು ಲ್ಯಾಬ್‌ನ ಸ್ವಿಚ್‌ಗೆ. ಕಚೇರಿ ಕಡೆಯ ಕಾರ್ಡ್‌ಗೆ 192.168.1.2, ಲ್ಯಾಬ್ ಕಡೆಯ ಕಾರ್ಡ್‌ಗೆ 192.168.2.1 ಎಂದು ಬದಲಾಗದ ವಿಳಾಸ ಕೊಡಬೇಕು. ಲ್ಯಾಬ್‌ನ ಎಲ್ಲ ಕಂಪ್ಯೂಟರ್‌ಗಳಿಗೂ ಗೇಟ್‌ವೇ 192.168.2.1.

ಇಲ್ಲಿ ಸಾಮಾನ್ಯವಾಗಿ ಮೂರು ತಪ್ಪು ಆಗುತ್ತವೆ.

ಒಂದು, ಎರಡೂ ಕಡೆ ಒಂದೇ ಬೀದಿಯ ವಿಳಾಸ ಇರುವುದು. ಕಚೇರಿಯೂ 192.168.1, ಲ್ಯಾಬೂ 192.168.1 ಆದರೆ ರೂಟರ್‌ಗೆ ಯಾವ ಕಡೆ ಕಳುಹಿಸಬೇಕೆಂದೇ ತಿಳಿಯುವುದಿಲ್ಲ. ಒಂದು ಕಡೆಯ ವಿಳಾಸಗಳನ್ನು ಬದಲಿಸಲೇಬೇಕು.

ಎರಡು, ಎರಡೂ ಕಾರ್ಡ್‌ಗೆ ಗೇಟ್‌ವೇ ಬರೆಯುವುದು. ಇಂಟರ್ನೆಟ್ ಇರುವುದು ಕಚೇರಿಯ ಕಡೆ ಮಾತ್ರ. ಆದ್ದರಿಂದ ಆ ಕಾರ್ಡ್‌ಗೆ ಮಾತ್ರ ಗೇಟ್‌ವೇ ಇರಬೇಕು. ನಮ್ಮ ಉದಾಹರಣೆಯಲ್ಲಿ ಅದು ಕಚೇರಿಯ ಇಂಟರ್ನೆಟ್ ರೂಟರ್, 192.168.1.1. ಲ್ಯಾಬ್ ಕಡೆಯ ಕಾರ್ಡ್‌ನಲ್ಲಿ ಆ ಜಾಗ ಖಾಲಿ ಬಿಡಿ.

ಮೂರು, ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯನ್ನು ಎರಡೂ ಕಡೆ ತೆರೆದಿಡುವುದು. ಅದು ಲ್ಯಾಬ್ ಕಡೆ ಮಾತ್ರ ಕೆಲಸ ಮಾಡಬೇಕು. ಕಚೇರಿ ಕಡೆಯೂ ಹಂಚತೊಡಗಿದರೆ ಅಲ್ಲಿನ ಕಂಪ್ಯೂಟರ್‌ಗಳಿಗೆ ತಪ್ಪು ವಿಳಾಸ ಸಿಕ್ಕಿ, ನೆಟ್ ಹೋಯಿತೆಂದು ಎಲ್ಲರೂ ಗಾಬರಿಯಾಗುತ್ತಾರೆ.

ಎರಡನೆಯ ಕೆಲಸ: ಫಾರ್ವರ್ಡ್ ಮಾಡಲು ಅನುಮತಿ

ಇಷ್ಟಾದರೂ ಪ್ಯಾಕೆಟ್ ದಾಟುವುದಿಲ್ಲ. ಸಾಮಾನ್ಯ ಕಂಪ್ಯೂಟರ್ ತನ್ನ ಹೆಸರಿಗೆ ಬಂದ ಪ್ಯಾಕೆಟ್ಟನ್ನಷ್ಟೇ ತೆಗೆದುಕೊಳ್ಳುತ್ತದೆ. ಬೇರೆಯವರ ಹೆಸರಿನದು ಬಂದರೆ ಸದ್ದಿಲ್ಲದೆ ಬಿಸಾಡುತ್ತದೆ. ಇದು ದೋಷವಲ್ಲ. ಬೇಕೆಂದೇ ಮಾಡಿದ ನಿಯಮ. ಇಂಟರ್ನೆಟ್‌ಗೆ ಸೇರುವ ಕಂಪ್ಯೂಟರ್‌ಗಳು ಹೇಗಿರಬೇಕು ಎಂದು ಹೇಳುವ 1989ರ ತಾಂತ್ರಿಕ ದಾಖಲೆಯಲ್ಲೇ ಇದಿದೆ. ರೂಟರ್ ಕೆಲಸಕ್ಕೆ ಒಂದು ಸ್ವಿಚ್ ಇರಬೇಕು, ಯಾರೂ ಮುಟ್ಟದಿದ್ದರೆ ಅದು ಆಫ್ ಆಗಿಯೇ ಇರಬೇಕು. ಎರಡು ನೆಟ್‌ವರ್ಕ್‌ಗೆ ಸೇರಿದ ಪ್ರತಿ ಕಂಪ್ಯೂಟರೂ ಗೊತ್ತಿಲ್ಲದೆ ದಾರಿಯಾಗಿಬಿಟ್ಟರೆ ಎಷ್ಟು ಅಪಾಯ ಎಂದು ಯೋಚಿಸಿದರೆ ಕಾರಣ ತಿಳಿಯುತ್ತದೆ.

ಆ ಸ್ವಿಚ್‌ನ ಹೆಸರು ಐಪಿ ಫಾರ್ವರ್ಡಿಂಗ್. ಲಿನಕ್ಸ್‌ನಲ್ಲಿ ಅದರ ಮೌಲ್ಯ ಸಾಮಾನ್ಯವಾಗಿ 0 ಇರುತ್ತದೆ, ಅದನ್ನು 1 ಮಾಡಬೇಕು. ಕಂಪ್ಯೂಟರ್ ಮತ್ತೆ ಶುರುವಾದಾಗಲೂ ಉಳಿಯುವಂತೆ ಸಿಸ್ಟಮ್ ಸೆಟ್ಟಿಂಗ್ ಕಡತದಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ಒಮ್ಮೆ ಕರೆಂಟ್ ಹೋಗಿ ಬಂದರೆ ಎಲ್ಲವೂ ನಿಂತಿರುತ್ತದೆ. ವಿಂಡೋಸ್‌ನಲ್ಲೂ ಇಂತಹದೇ ಸೆಟ್ಟಿಂಗ್ ಇದೆ. ಅದರ ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಎಂಬ ಸುಲಭದ ಸೌಲಭ್ಯ ಬಳಸಿದರೆ ಒಳಗಿನ ಕಡೆಗೆ 192.168.137.1 ಎಂಬ ವಿಳಾಸವನ್ನು ಅದೇ ಹಾಕಿಕೊಳ್ಳುತ್ತದೆ.

ರೂಟರ್‌ನ ಫಾರ್ವರ್ಡ್‌ಗೂ ಮಿತಿ ಉಂಟು. ಪ್ರತಿ ಪ್ಯಾಕೆಟ್‌ನ ಮೇಲೆ ಟಿಟಿಎಲ್ ಎಂಬ ಒಂದು ಸಂಖ್ಯೆ ಇರುತ್ತದೆ. ಒಂದೊಂದು ರೂಟರ್ ದಾಟಿದಾಗಲೂ ಅದು ಒಂದು ಕಡಿಮೆಯಾಗುತ್ತದೆ. ಸೊನ್ನೆಯಾದರೆ ಪ್ಯಾಕೆಟ್ ಅಲ್ಲಿಗೇ ಮುಗಿಯಿತು. ಹೀಗಾಗಿ ದಾರಿ ತಪ್ಪಿದ ಪ್ಯಾಕೆಟ್ ಕೊನೆಯಿಲ್ಲದೆ ಸುತ್ತುತ್ತಿರುವುದಿಲ್ಲ. ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಎಂದು ಮಿತಿ ಹಾಕಿತಲ್ಲ, ಅದರ ಉದ್ದೇಶವೂ ಇಂತಹದೇ ಸುತ್ತಾಟ ಕಡಿಮೆ ಮಾಡುವುದು.

ಮೂರನೆಯ ಕೆಲಸ: ಹಿಂದಿರುಗುವ ದಾರಿ

ಹೆಚ್ಚಿನವರು ಎಡವುವುದು ಇಲ್ಲಿ. ಲ್ಯಾಬ್‌ನ ಕಂಪ್ಯೂಟರ್‌ನಿಂದ ಪ್ರಿಂಟರ್‌ಗೆ ಪ್ಯಾಕೆಟ್ ಹೋಯಿತು. ಪ್ರಿಂಟರ್ ಉತ್ತರ ಕೊಡಬೇಕು. ಆದರೆ 192.168.2 ಎಂಬ ಬೀದಿ ಎಲ್ಲಿದೆ ಎಂದು ಪ್ರಿಂಟರ್‌ಗೆ ಗೊತ್ತಿಲ್ಲ. ಅದು ತನ್ನ ಗೇಟ್‌ವೇ ಆದ ಇಂಟರ್ನೆಟ್ ರೂಟರ್‌ಗೆ ಉತ್ತರವನ್ನು ಕೊಡುತ್ತದೆ. ಆ ರೂಟರ್‌ಗೂ ಗೊತ್ತಿಲ್ಲ. ಉತ್ತರ ಕಳೆದುಹೋಗುತ್ತದೆ. ಹೋಗುವ ದಾರಿ ಇದೆ, ಬರುವ ದಾರಿ ಇಲ್ಲ. ನೋಡುವವರಿಗೆ ಏನೂ ಕೆಲಸ ಮಾಡುತ್ತಿಲ್ಲ ಎಂದೇ ಕಾಣುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ.

ಮೊದಲನೆಯದು, ಕಚೇರಿಯ ಇಂಟರ್ನೆಟ್ ರೂಟರ್‌ಗೆ ದಾರಿ ಹೇಳಿಕೊಡುವುದು. ಅದರ ಸೆಟ್ಟಿಂಗ್ಸ್‌ನಲ್ಲಿ ಸ್ಟ್ಯಾಟಿಕ್ ರೂಟ್ ಎಂಬ ಜಾಗದಲ್ಲಿ "192.168.2.0, ಮಾಸ್ಕ್ 255.255.255.0, ಇದಕ್ಕೆ ದಾರಿ 192.168.1.2" ಎಂದು ಬರೆಯಬೇಕು. ಪ್ರಿಂಟರ್‌ನಲ್ಲೂ ಗೇಟ್‌ವೇ ತುಂಬಿದೆಯೇ ನೋಡಿ. ಒಂದೇ ನೆಟ್‌ವರ್ಕ್‌ನಲ್ಲಿ ಬಳಸುತ್ತಿದ್ದ ಪ್ರಿಂಟರ್‌ಗೆ ಅದರ ಅಗತ್ಯವೇ ಬಿದ್ದಿರುವುದಿಲ್ಲ, ಹಾಗಾಗಿ ಖಾಲಿ ಬಿಟ್ಟಿರುವ ಸಾಧ್ಯತೆ ಇದೆ.

ಎರಡನೆಯದು ನ್ಯಾಟ್. ಹಳೆಯ ಕಂಪ್ಯೂಟರ್ ಲ್ಯಾಬ್‌ನಿಂದ ಬಂದ ಪ್ಯಾಕೆಟ್‌ನ ಮೇಲೆ "ಕಳುಹಿಸಿದವರು" ಎಂಬಲ್ಲಿ ತನ್ನದೇ ಕಚೇರಿ ಕಡೆಯ ವಿಳಾಸ, ಅಂದರೆ 192.168.1.2 ಬರೆದು ಮುಂದೆ ಕಳುಹಿಸುತ್ತದೆ. ಉತ್ತರ ಅದಕ್ಕೇ ಬರುತ್ತದೆ. ಯಾರ ಪ್ಯಾಕೆಟ್ ಎಂದು ನೆನಪಿಟ್ಟುಕೊಂಡು ಅವರಿಗೆ ಒಪ್ಪಿಸುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಮಾಡುವುದು ಇದನ್ನೇ. ಇಂಟರ್ನೆಟ್ ರೂಟರ್‌ನ ಸೆಟ್ಟಿಂಗ್ಸ್ ಮುಟ್ಟಲು ಆಗದಿದ್ದಾಗ ಇದು ಅನುಕೂಲ. ಆದರೆ ಲ್ಯಾಬ್‌ನ ಇಪ್ಪತ್ತು ಕಂಪ್ಯೂಟರ್‌ಗಳೂ ಕಚೇರಿಗೆ ಒಂದೇ ವಿಳಾಸವಾಗಿ ಕಾಣುತ್ತವೆ. ಪ್ರಿಂಟ್ ಕೊಟ್ಟದ್ದು ಯಾವ ಕಂಪ್ಯೂಟರ್ ಎಂದು ವಿಳಾಸ ನೋಡಿ ಹೇಳಲಾಗದು.

ಸರಿಯಾಗಿದೆಯೇ ಎಂದು ನೋಡುವುದು ಹೇಗೆ?

ಹತ್ತಿರದಿಂದ ದೂರಕ್ಕೆ ಒಂದೊಂದೇ ಹೆಜ್ಜೆ ನೋಡುತ್ತ ಹೋಗಿ. ಲ್ಯಾಬ್‌ನ ಒಂದು ಕಂಪ್ಯೂಟರ್‌ನಿಂದ ಪಿಂಗ್ ಮಾಡಿ.

• ಮೊದಲು 192.168.2.1ಕ್ಕೆ. ಉತ್ತರ ಬರದಿದ್ದರೆ ಕೇಬಲ್ ಅಥವಾ ಲ್ಯಾಬ್ ಕಡೆಯ ವಿಳಾಸದಲ್ಲಿ ತಪ್ಪಿದೆ.
• ಆಮೇಲೆ 192.168.1.2ಕ್ಕೆ. ಇಲ್ಲಿ ಉತ್ತರ ಬಂದ ಮಾತ್ರಕ್ಕೆ ಫಾರ್ವರ್ಡಿಂಗ್ ಆಗುತ್ತಿದೆ ಎಂದು ತಿಳಿಯಬೇಡಿ. ಅದೂ ಅದೇ ಕಂಪ್ಯೂಟರ್‌ನ ವಿಳಾಸ.
• ಕೊನೆಗೆ 192.168.1.1ಕ್ಕೆ ಮತ್ತು ಪ್ರಿಂಟರ್‌ಗೆ. ಇಲ್ಲಿ ನಿಂತರೆ ಫಾರ್ವರ್ಡಿಂಗ್ ಆಫ್ ಇರಬಹುದು ಅಥವಾ ಹಿಂದಿರುಗುವ ದಾರಿ ಇಲ್ಲದಿರಬಹುದು.

ಉತ್ತರದಲ್ಲಿ ಬರುವ ಟಿಟಿಎಲ್ ಸಂಖ್ಯೆಯನ್ನೂ ಗಮನಿಸಿ. ಲಿನಕ್ಸ್ ಸಾಮಾನ್ಯವಾಗಿ 64ರಿಂದ, ವಿಂಡೋಸ್ 128ರಿಂದ ಶುರು ಮಾಡುತ್ತವೆ. 63 ಅಥವಾ 127 ಕಂಡರೆ ನಡುವೆ ಒಂದು ರೂಟರ್ ದಾಟಿ ಬಂದಿದೆ ಎಂದರ್ಥ. ಆ ರೂಟರ್ ನಿಮ್ಮ ಹಳೆಯ ಕಂಪ್ಯೂಟರ್.

ಇನ್ನೆರಡು ಸಂಗತಿ. ವಿಂಡೋಸ್ ಕಂಪ್ಯೂಟರ್‌ನ ಫೈರ್‌ವಾಲ್ ಬೇರೆ ನೆಟ್‌ವರ್ಕ್‌ನಿಂದ ಬರುವ ಪಿಂಗ್‌ಗೆ ಸಾಮಾನ್ಯವಾಗಿ ಉತ್ತರ ಕೊಡಲು ಬಿಡುವುದಿಲ್ಲ. ಹಾಗಾಗಿ ದಾರಿ ಸರಿಯಿದ್ದೂ ಉತ್ತರ ಬರದೇ ಇರಬಹುದು. ಹಾಗೆಯೇ, ಪ್ರಿಂಟರ್ ಪಟ್ಟಿಯಲ್ಲಿ ತಾನಾಗಿ ಕಾಣಿಸದಿದ್ದರೆ ಅದೂ ಸಹಜ. "ಇಲ್ಲಿ ಪ್ರಿಂಟರ್ ಇದೆಯೇ" ಎಂದು ಕಂಪ್ಯೂಟರ್ ಕೂಗುವ ಕೂಗು ತನ್ನ ಬೀದಿಯಲ್ಲೇ ಉಳಿಯುತ್ತದೆ, ರೂಟರ್ ದಾಟುವುದಿಲ್ಲ. ಪ್ರಿಂಟರ್‌ನ ಐಪಿ ವಿಳಾಸ ಬರೆದು ಸೇರಿಸಬೇಕು.

ದಾರಿ ಸಿದ್ಧ. ಚಿಲಕ ಎಲ್ಲಿ?

ಈಗ ಲ್ಯಾಬ್‌ನಿಂದ ಪ್ರಿಂಟ್ ಬರುತ್ತಿದೆ, ಇಂಟರ್ನೆಟ್ ಬರುತ್ತಿದೆ. ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಪ್ರಿಂಟರ್‌ಗೆ ಹೋಗುವ ದಾರಿಯಲ್ಲೇ ಅಂಕಪಟ್ಟಿ ಇರುವ ಕಂಪ್ಯೂಟರ್‌ಗೂ ಹೋಗಬಹುದು. ಬರೀ ರೂಟರ್ ವಿಳಾಸ ನೋಡುತ್ತದೆ. ಹೋಗುತ್ತಿರುವುದು ಯಾರು, ಯಾಕೆ ಎಂದು ಕೇಳುವುದಿಲ್ಲ.

ಮಕ್ಕಳು ಕೆಡಿಸುತ್ತಾರೆ ಎಂಬುದಷ್ಟೇ ಭಯವಲ್ಲ. 2017ರ ಮೇ 12ರಂದು ಹರಡತೊಡಗಿದ ವಾನಾಕ್ರೈ ಎಂಬ ದುರುದ್ದೇಶದ ಸಾಫ್ಟ್‌ವೇರ್ ನೆನಪಿಸಿಕೊಳ್ಳಿ. 150ರಷ್ಟು ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳನ್ನು ಅದು ಬೀಗ ಹಾಕಿ ಹಣ ಕೇಳಿತು. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ತಪಾಸಣೆಗಳೇ ರದ್ದಾದವು. ಅದು ಹರಡಿದ್ದು ವಿಂಡೋಸ್‌ನಲ್ಲಿ ಕಡತ ಹಂಚಿಕೊಳ್ಳುವ ಸೇವೆಯ ದೋಷದ ಮೂಲಕ, ಅಂದರೆ 445 ಎಂಬ ಪೋರ್ಟ್ ಮೂಲಕ. ಯಾರೂ ಯಾವ ಲಿಂಕ್ ಒತ್ತಬೇಕಿರಲಿಲ್ಲ. ಒಂದು ಕಂಪ್ಯೂಟರ್‌ಗೆ ಬಂದರೆ, ದೋಷ ಸರಿಪಡಿಸದ ಅಕ್ಕಪಕ್ಕದ ಕಂಪ್ಯೂಟರ್‌ಗಳಿಗೆಲ್ಲ ಅದೇ ಹರಿಯುತ್ತಿತ್ತು. ಹೀಗಾಗಿಯೇ ನೆಟ್‌ವರ್ಕ್‌ಗಳನ್ನು ಬೇರೆ ಬೇರೆ ಇಡುವುದು. ಲ್ಯಾಬ್‌ನಲ್ಲಿ ಯಾರೋ ತಂದ ಪೆನ್‌ಡ್ರೈವ್‌ನಿಂದ ಬಂದ ಪೀಡೆ ಕಚೇರಿಗೆ ದಾಟದಿರಲಿ ಎಂದು. ಚಿಲಕವಿಲ್ಲದ ರೂಟರ್ ಅದಕ್ಕೆ ನಾವೇ ದಾರಿ ತೋರಿಸಿದಂತೆ.

ಚಿಲಕದ ಹೆಸರು ಫೈರ್‌ವಾಲ್. ಅದನ್ನು ಇದೇ ಹಳೆಯ ಕಂಪ್ಯೂಟರ್‌ನಲ್ಲೇ ಹಾಕಬಹುದು. ನಿಯಮಗಳು ಈ ಕ್ರಮದಲ್ಲಿರಲಿ:

• ದಾಟುವುದೆಲ್ಲವನ್ನೂ ಮೊದಲು ನಿಲ್ಲಿಸಿ. ಬೇಕಾದದ್ದನ್ನು ಮಾತ್ರ ಬಿಡಿ.
• ಆಗಲೇ ಒಪ್ಪಿಗೆ ಪಡೆದು ಶುರುವಾದ ಸಂಪರ್ಕದ ಉತ್ತರಗಳನ್ನು ಬಿಡಿ.
• ಲ್ಯಾಬ್‌ನಿಂದ ಪ್ರಿಂಟರ್‌ನ ವಿಳಾಸಕ್ಕೆ, ಅದೂ ಪ್ರಿಂಟ್ ಮಾಡುವ ಪೋರ್ಟ್‌ಗೆ ಮಾತ್ರ ಬಿಡಿ. ಸಾಮಾನ್ಯವಾಗಿ ಅದು 9100 ಅಥವಾ 631.
• ಲ್ಯಾಬ್‌ನಿಂದ ಇಂಟರ್ನೆಟ್‌ಗೆ ಬಿಡಿ. ಆದರೆ 192.168.1ರ ಉಳಿದ ಯಾವ ವಿಳಾಸಕ್ಕೂ ಬೇಡ.
• ಹಳೆಯ ಕಂಪ್ಯೂಟರ್‌ನ ಸೆಟ್ಟಿಂಗ್ಸ್ ತೆರೆಯುವ ಅವಕಾಶ ಕಚೇರಿ ಕಡೆಯಿಂದ ಮಾತ್ರ ಇರಲಿ. ಪಾಸ್‌ವರ್ಡ್ ಬದಲಿಸಿ.
• ಐಪಿವಿ6ಗೆ ಬೇರೆ ಸ್ವಿಚ್, ಬೇರೆ ನಿಯಮ. ಬಳಸದಿದ್ದರೆ ಅದರ ಫಾರ್ವರ್ಡಿಂಗ್ ಆಫ್ ಇದೆಯೇ ಖಚಿತಪಡಿಸಿಕೊಳ್ಳಿ.

ಇದನ್ನೆಲ್ಲ ಬ್ರೌಸರ್‌ನಲ್ಲೇ ಮಾಡಲು ಓಪನ್‌ಡಬ್ಲ್ಯುಆರ್‌ಟಿ, ಓಪಿಎನ್‌ಸೆನ್ಸ್, ಪಿಎಫ್‌ಸೆನ್ಸ್ ಮುಂತಾದ ಉಚಿತ ವ್ಯವಸ್ಥೆಗಳಿವೆ. ಆದರೆ ಒಂದು ಎಚ್ಚರಿಕೆ. ಒಳಗಿನ ಕಡೆಯಿಂದ ಹೊರಗೆ ಹೋಗುವುದೆಲ್ಲವನ್ನೂ ಅವು ಮೊದಲಿಗೆ ಬಿಟ್ಟಿರುತ್ತವೆ. ನಮ್ಮ ಶಾಲೆಯಲ್ಲಿ ಒಳಗಿನ ಕಡೆ ಲ್ಯಾಬ್, ಹೊರಗಿನ ಕಡೆ ಕಚೇರಿ. ಅಂದರೆ ಏನೂ ಬದಲಿಸದೆ ಬಿಟ್ಟರೆ ಲ್ಯಾಬ್‌ಗೆ ಇಡೀ ಕಚೇರಿ ತೆರೆದಿರುತ್ತದೆ. "ನ್ಯಾಟ್ ಇದೆಯಲ್ಲ, ಅದೇ ರಕ್ಷಣೆ" ಎನ್ನುವುದೂ ಇಲ್ಲಿ ನಡೆಯದು. ನ್ಯಾಟ್ ಇದ್ದಾಗಲೂ ಲ್ಯಾಬ್‌ನಿಂದ ಕಚೇರಿಗೆ ಹೋಗಬಹುದು.

ಇನ್ನು ಕೆಲವು ತಪ್ಪು ನಂಬಿಕೆಗಳು

ಎರಡು ಕೇಬಲ್ ಹಾಕಿದರೆ ಸ್ಪೀಡ್ ಎರಡು ಪಟ್ಟು: ಇಲ್ಲ. ದಾರಿಯಲ್ಲಿ ಅತಿ ನಿಧಾನದ ಭಾಗ ಎಷ್ಟೋ ಅಷ್ಟೇ ಸ್ಪೀಡ್. ಹಳೆಯ ಲ್ಯಾನ್ ಕಾರ್ಡ್ 100 ಎಂಬಿಪಿಎಸ್‌ನದಾದರೆ, ನಿಮ್ಮ ಇಂಟರ್ನೆಟ್ 300 ಇದ್ದರೂ ಲ್ಯಾಬ್‌ಗೆ 100 ದಾಟುವುದಿಲ್ಲ.

ಎರಡು ಸ್ವಿಚ್‌ಗಳ ನಡುವೆ ಒಂದು ಕೇಬಲ್ ಎಳೆದರೆ ಸಾಕು, ವಿಳಾಸ ಬೇರೆ ಇದ್ದರೆ ಸುರಕ್ಷಿತ: ಇಲ್ಲ. ಹಾಗೆ ಮಾಡಿದರೆ ಎರಡೂ ಒಂದೇ ತಂತಿಯ ಮೇಲಿರುತ್ತವೆ. ಲ್ಯಾಬ್‌ನ ಒಬ್ಬ ಹುಡುಗ ತನ್ನ ಕಂಪ್ಯೂಟರ್‌ನ ವಿಳಾಸವನ್ನು 192.168.1.77 ಎಂದು ಬದಲಿಸಿಕೊಂಡರೆ ಕಚೇರಿಯೊಳಗೆ ಬಂದಂತೆಯೇ. ನಡುವೆ ರೂಟರ್ ಇದ್ದರೆ ಈ ಉಪಾಯ ಫಲಿಸದು.

ಹಳೆಯ ಕಂಪ್ಯೂಟರ್ ಎಂದರೆ ಖರ್ಚಿಲ್ಲ: ಕರೆಂಟ್ ಲೆಕ್ಕ ಹಾಕಿ. ದಿನವಿಡೀ ಆನ್ ಇರುವ ಕಂಪ್ಯೂಟರ್ 60 ವಾಟ್ ಎಳೆದರೆ 30 ದಿನಕ್ಕೆ 43 ಯೂನಿಟ್. 10 ವಾಟ್‌ನ ಪುಟ್ಟ ರೂಟರ್‌ಗೆ ಸುಮಾರು 7 ಯೂನಿಟ್. ಕಲಿಯಲು ಹಳೆಯ ಕಂಪ್ಯೂಟರ್ ಒಳ್ಳೆಯದು. ವರ್ಷಗಟ್ಟಲೆ ಓಡಿಸುವುದಾದರೆ ಸ್ಟ್ಯಾಟಿಕ್ ರೂಟ್ ಮತ್ತು ಫೈರ್‌ವಾಲ್ ನಿಯಮ ಬರೆಯಲು ಬರುವ ಒಂದು ರೂಟರ್ ಕೊಳ್ಳುವುದೇ ಅಗ್ಗವಾಗಬಹುದು.

ಫಾರ್ವರ್ಡ್ ಮಾಡುವ ಮುನ್ನ

ಕಂಪ್ಯೂಟರ್ ರೂಟರ್ ಆಗಲು ಎರಡೂ ಕಡೆ ಬೇರೆ ಬೇರೆ ವಿಳಾಸ ಬೇಕು, ಫಾರ್ವರ್ಡಿಂಗ್‌ಗೆ ಅನುಮತಿ ಬೇಕು, ಹಿಂದಿರುಗುವ ದಾರಿ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಪ್ಯಾಕೆಟ್ ದಾಟದು. ಮೂರೂ ಸರಿಯಾದ ದಿನವೇ ಫೈರ್‌ವಾಲನ್ನೂ ಹಾಕಿ, ನಾಳೆಗೆ ಬಿಡಬೇಡಿ. ಹಾಕಿದ ಮೇಲೆ ಲ್ಯಾಬ್‌ನಲ್ಲಿ ಕುಳಿತು ಎರಡು ಪರೀಕ್ಷೆ ಮಾಡಿ. ಒಂದು ಪ್ರಿಂಟ್ ಕೊಟ್ಟು ನೋಡಿ, ಅದು ಬರಬೇಕು. ಆಮೇಲೆ ಅಂಕಪಟ್ಟಿ ಇರುವ ಕಂಪ್ಯೂಟರ್‌ನ ಕಡತ ತೆರೆಯಲು ನೋಡಿ, ಅದು ತೆರೆಯಬಾರದು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದನ್ನೂ ಮಾಡಿದ ಮೇಲೆಯೇ ಕೆಲಸ ಮುಗಿಯಿತು ಎನ್ನಿ.